ಬಿಪಿ ನಾರ್ಮಲ್ ಬಂತು ಅಂತ ಅಪ್ಪ ಮಾತ್ರೆ ಬಿಡ್ತಾರೆ, ಹೇಗೆ ಒಪ್ಪಿಸೋದು?

ತೆಂಗಿನತೋಟ:
ಎಲ್ಲರಿಗೂ ನಮಸ್ಕಾರ. ನಮ್ಮೂರು ತಿಪಟೂರು ಹತ್ರ, ನಾನು ಕೆಲಸಕ್ಕೆ ಬೆಂಗಳೂರಲ್ಲಿದೀನಿ. ಅಪ್ಪಂಗೆ 63 ವರ್ಷ. ಕಣ್ಣಿನ ಪೊರೆ ಆಪರೇಷನ್‌ಗೆ ಅಂತ ಹೋದಾಗ ಬಿಪಿ 180/100 ಇದೆ, ಇಳಿಯೋವರೆಗೂ ಆಪರೇಷನ್ ಮಾಡಲ್ಲ ಅಂತ ವಾಪಸ್ ಕಳಿಸಿದ್ರು, ಹಂಗೆ ಗೊತ್ತಾಗಿದ್ದು. ಇಲ್ಲಾಂದ್ರೆ ಇವತ್ತಿಗೂ ಗೊತ್ತಾಗ್ತಿರ್ಲಿಲ್ಲ, ಯಾಕಂದ್ರೆ ಅವರಿಗೆ ತಲೆನೋವಿಲ್ಲ, ತಲೆಸುತ್ತಿಲ್ಲ, ಈಗ್ಲೂ ದಿನಾ ತೋಟಕ್ಕೆ ಹೋಗಿ ಬರ್ತಾರೆ.

ಊರಿನ ಸರ್ಕಾರಿ ಆಸ್ಪತ್ರೇಲಿ ಮೊದಲು ಆಮ್ಲೋಡಿಪಿನ್ 5 ಕೊಟ್ರು, ಸಾಕಾಗ್ಲಿಲ್ಲ ಅಂತ ಆಮೇಲೆ 10 ಮಾಡಿದ್ರು. ಬಿಪಿ ಇಳೀತು, ಕಣ್ಣಿನ ಆಪರೇಷನ್ನೂ ಆಯ್ತು. ಅಲ್ಲಿಂದ ಶುರುವಾಗಿದ್ದು ನೋಡಿ ಕಷ್ಟ. ನಾರ್ಮಲ್ ಬಂದಿದೆಯಲ್ಲ ಮತ್ಯಾಕೆ ಮಾತ್ರೆ ಅಂತಾರೆ. ಬಿಟ್ಟು ಸ್ವಲ್ಪ ದಿನಕ್ಕೆ ಮತ್ತೆ 170 ಆಗಿರುತ್ತೆ, ಮತ್ತೆ ಶುರು ಮಾಡ್ತಾರೆ, ಮತ್ತೆ ಬಿಡ್ತಾರೆ. ನಾನು ರಾತ್ರಿ ಫೋನ್ ಮಾಡಿ ಮಾತ್ರೆ ತಗೊಂಡ್ರಾ ಅಂದ್ರೆ ಹೂಂ ಅಂತಾರೆ, ಊರಿಗೆ ಹೋಗಿ ನೋಡಿದ್ರೆ ಡಬ್ಬೀಲಿ ಸ್ಟ್ರಿಪ್‌ಗಳು ಹಂಗಂಗೇ ಇರುತ್ವೆ. ಮಂಡಿನೋವಿನ ಮಾತ್ರೆ ಮಾತ್ರ ತಪ್ಪದೇ ತಗೋತಾರೆ, ಅದನ್ನ ಯಾರೂ ನೆನಪಿಸ್ಬೇಕಾಗಿಲ್ಲ.

ದುಡ್ಡಿನ ಸಮಸ್ಯೆ ಅಲ್ಲ, ಮಾತ್ರೆ ಫ್ರೀ. ಆಸ್ಪತ್ರೆ ದೂರಾನೂ ಅಲ್ಲ. ನಮ್ಮ ಬೀದೀಲೇ ಒಬ್ಬರಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದನ್ನ ಕಣ್ಣಾರೆ ಕಂಡವರು. ಜೋರು ಮಾಡಿ ನೋಡಾಯ್ತು, ಅಮ್ಮ ಅತ್ತೂ ನೋಡಾಯ್ತು. ದಯವಿಟ್ಟು "ತಿಳಿಸಿ ಹೇಳಿ" ಅಂತ ಮಾತ್ರ ಹೇಳ್ಬೇಡಿ, ತಿಳಿಸಿ ಸಾಕಾಗಿದೆ. ನಿಮ್ಮ ಮನೇಲಿ ನಿಜವಾಗ್ಲೂ ಏನು ಕೆಲಸ ಮಾಡ್ತು ಅದನ್ನ ಹೇಳಿ.

ಕರಾವಳಿಯವ:
ಆಮ್ಲೋಡಿಪಿನ್ 10 ಅಂದ್ರಲ್ಲ, ಕಾಲು ಬಾತಿದೆಯಾ ಕೇಳಿ ನೋಡಿ ಮಾರಾಯ್ರೆ. ನಮ್ಮ ಮಾವನಿಗೂ ಅದೇ ಮಾತ್ರೆ, ಸಂಜೆಯಾಗುವಾಗ ಪಾದ ಊದಿಕೊಳ್ತಿತ್ತು, ಚಪ್ಪಲಿ ಬಿಗಿ. ಯಾರಿಗೂ ಹೇಳದೆ ಅವರಷ್ಟಕ್ಕೆ ಬಿಟ್ಟುಬಿಟ್ಟಿದ್ರು. ಅದು ಆ ಮಾತ್ರೆಯಿಂದ ಆಗುವುದುಂಟು, ಡೋಸ್ ಜಾಸ್ತಿಯಾದಷ್ಟೂ ಹೆಚ್ಚು. ಡಾಕ್ಟ್ರು ಬದಲಿಸಿ ಕೊಡ್ತಾರೆ, ಆದ್ರೆ ಇವರು ಬಾಯಿ ಬಿಟ್ಟು ಹೇಳ್ಬೇಕಲ್ವಾ.

ಗದಗ_ಸಿಸ್ಟರ್:
ಅಕ್ಕಾರ, ನಾ ಗದಗ ಕಡೆ ಒಂದು ಉಪಕೇಂದ್ರದಾಗ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಅದೀನಿ. ದಿನಾ ನೋಡೂದು ಇದನ್ನ. ನಿಮ್ಮ ಅಪ್ಪಾರು ಒಬ್ಬರ ಅಲ್ಲ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸರ್ವೇದಾಗ (ಎನ್‌ಎಫ್‌ಎಚ್‌ಎಸ್-5) ನಮ್ಮ ರಾಜ್ಯದಾಗ 15 ವರ್ಷ ದಾಟಿದ ಹೆಣ್ಣುಮಕ್ಕಳು ಗಂಡಸರು ಇಬ್ರಾಗೂ ಹತ್ತತ್ರ ನಾಲ್ಕು ಮಂದಿಗೆ ಒಬ್ರಿಗೆ ಬಿಪಿ ಐತಿ ಅಂತ ಬಂದೈತಿ. ಗುಳಿಗಿ ಬಿಡೂದು ಬರೇ ನಮ್ಮ ಹಳ್ಳಿ ಮಂದಿ ಗುಣಾನೂ ಅಲ್ಲ. 2003ರಾಗ ವಿಶ್ವ ಆರೋಗ್ಯ ಸಂಸ್ಥೆ, ಅಂದ್ರ ಡಬ್ಲ್ಯೂಎಚ್‌ಒದವರು ಒಂದು ವರದಿ ಕೊಟ್ಟಿದ್ರು, ಮುಂದುವರಿದ ದೇಶದಾಗೂ ವರ್ಷಾನುಗಟ್ಟಲೆ ಇರೋ ರೋಗಕ್ಕ ಔಷಧ ಬರೋಬ್ಬರಿ ತಗೋಳ್ಳೋರು ಅರ್ಧದಷ್ಟ ಮಂದಿ ಅಂತ. ಹಿಂಗಾಗಿ ಮೊದ್ಲು ಅಪ್ಪಾರ ಮ್ಯಾಲಿನ ಸಿಟ್ಟು ಬಿಡ್ರಿ.

ನಾ ಕಂಡಿದ್ದು ಹೇಳ್ತೀನಿ. ಗುಳಿಗಿ ಬಿಟ್ಟೋರನ್ನ "ಯಾಕ ಬಿಟ್ರಿ" ಅಂತ ಕೇಳಿದ್ರ ಯಾರೂ ಖರೇ ಹೇಳೂದಿಲ್ರೀ, ಬೈತಾರ ಅಂತ ಗೊತ್ತಿರತೈತಿ ಅವ್ರಿಗೆ, "ತಗೋಳಾಕತ್ತೀನ್ರೀ" ಅಂದ್ಬಿಡ್ತಾರ. ಅದಕ್ಕ ನಾ ಹಂಗ ಕೇಳೂದ ಬಿಟ್ಟೀನಿ. "ಎಲ್ಲಾರಿಗೂ ಒಂದೆರಡು ದಿನ ತಪ್ಪೇ ತಪ್ಪತೈತಿ, ಹೋದ ವಾರ ನಿಮಗ ಎಷ್ಟು ದಿನ ತಪ್ಪಿತ್ರೀ?" ಅಂತ ಕೇಳ್ತೀನಿ. ಆವಾಗ ಒಂದೊಂದ ಹೊರಗ ಬರತೈತಿ. ಒಬ್ಬಾಕಿ ಶ್ರಾವಣದಾಗ ಸೋಮವಾರ ಶನಿವಾರ ಉಪಾಸ, ಖಾಲಿ ಹೊಟ್ಟೀಲೆ ಗುಳಿಗಿ ನುಂಗಬಾರದು ಅಂತ ಬಿಡ್ತಾಳ (ಆಮ್ಲೋಡಿಪಿನ್, ಟೆಲ್ಮಿಸಾರ್ಟನ್ ಈ ಎರಡೂ ಬಿಪಿ ಗುಳಿಗಿ ಊಟ ಮಾಡಿದ್ರೂ ಮಾಡದಿದ್ರೂ ನಡಿತೈತ್ರೀ, ಇದನ್ನ ಆಕಿಗೆ ಯಾರೂ ಹೇಳೇ ಇರಲಿಲ್ಲ). ಇನ್ನೊಬ್ಬರು ಗೋವಾಕ್ಕ ದುಡಿಯಾಕ ಹೋಗ್ತಾರ, ಒಯ್ದ ಗುಳಿಗಿ ಅಲ್ಲಿ ಮುಗೀತಂದ್ರ ಮುಗೀತು, ಊರಿಗೆ ಬಂದ ಮ್ಯಾಲೆ ಮತ್ತ ಶುರು. ಸುಗ್ಗ್ಯಾಗ ಅಂತೂ ಒಂದು ದಿನ ನಮ್ಮ ಕೇಂದ್ರಕ್ಕ ಬಂದು ಕುಂತ್ರ ಆ ದಿನದ ಕೂಲಿ ಹೋತು, ಗುಳಿಗಿ ಫ್ರೀ ಇದ್ರೂ ಕೂಲಿ ಫ್ರೀ ಅಲ್ಲಲ್ರೀ. ಹೆಣ್ಣುಮಕ್ಕಳ ಕಥಿ ಬ್ಯಾರೇನ ಐತಿ, ಗಂಡನ ಗುಳಿಗಿ, ಅತ್ತೀ ಗುಳಿಗಿ ವ್ಯಾಳ್ಯಾಕ್ಕ ಸರಿಯಾಗಿ ಕೊಡ್ತಾರ, ತಮ್ಮದು ಮರೀತಾರ.

2017ರಾಗ ಕೇಂದ್ರ ಸರ್ಕಾರ, ಐಸಿಎಂಆರ್ (ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ), ಡಬ್ಲ್ಯೂಎಚ್‌ಒ ಎಲ್ಲಾ ಸೇರಿ ಐಎಚ್‌ಸಿಐ ಅಂತ ಬಿಪಿ ಕಾರ್ಯಕ್ರಮ ಶುರು ಮಾಡಿದ್ರು, ಮೊದ್ಲು ಪಂಜಾಬ್, ಕೇರಳ, ಮಧ್ಯಪ್ರದೇಶ, ತೆಲಂಗಾಣ, ಮಹಾರಾಷ್ಟ್ರ ಈ ಐದು ರಾಜ್ಯದಾಗ. ಅದರಾಗ ದೊಡ್ಡ ಮಷೀನ ಇಲ್ಲ, ಹೊಸ ಔಷಧ ಇಲ್ಲ. ಎಲ್ಲಾ ಕಡೆ ಅವೇ ಎರಡ್ಮೂರು ಗುಳಿಗಿ, ಒಮ್ಮೆಗೆ ಒಂದು ತಿಂಗಳದ್ದು ಕೊಡೂದು, ಮನೀ ಹತ್ರದ ಕೇಂದ್ರದಾಗ ಸಿಗೂ ಹಂಗ ಮಾಡೂದು, ಬರಲಿಲ್ಲ ಅಂದ್ರ ಫೋನ ಹಚ್ಚೂದು, ಇಷ್ಟ. ನಮ್ಮಲ್ಲಿ 2024ರಾಗ ಕೋಲಾರದಾಗ ಶುರುವಾದ ಗೃಹ ಆರೋಗ್ಯ ಯೋಜನೇದಾಗ ಮನೀಗೇ ಬಂದು ಬಿಪಿ ಶುಗರ್ ನೋಡ್ತಾರ. ಮಂದಿ ಗುಳಿಗಿ ಹಿಡದು ನಿಲ್ಲಬೇಕಂದ್ರ ಭಾಷಣ ಬ್ಯಾಡ, ಅವರ ದಿನದಾಗ ಗುಳಿಗಿ ಹೊಂದೂ ಹಂಗ ಮಾಡ್ಬೇಕ್ರೀ. ಇದು ನನ್ನ ನಂಬಿಕಿ.

"ನಾರ್ಮಲ್ ಬಂತು" ಅನ್ನೋ ಮಾತಿಗೆ ರೈತರಿಗೆ ನಾ ಹೇಳೂದು ಇದು: ಡ್ರಿಪ್ ಪೈಪಿಗೆ ಪ್ರೆಷರ್ ಜಾಸ್ತಿ ಆಗಿ ಜಾಯಿಂಟ್ ಬಿಚ್ಚತೈತಿ ಅಂತ ವಾಲ್ವ್ ತಿರುವಿ ಇಳಿಸ್ತೀರಿ, ಇಳಿದ ಮ್ಯಾಲೆ ಇಳೀತಲ್ಲ ಅಂತ ವಾಲ್ವ್ ಕಿತ್ತು ಒಗೀತೀರೇನ್ರೀ? ಗುಳಿಗಿ ತಗೋಳಾಕತ್ತೀರಿ ಅಂತನ ನಾರ್ಮಲ್ ಐತಿ. ಇದು ಭಾಳ ಮಂದಿಗೆ ತಟ್ಟನೆ ತಿಳಿತೈತಿ.

ನೈಟ್_ಸರ್ವೀಸ್:
ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಬಸ್ ಡ್ರೈವರ್, ರಾತ್ರಿ ರೂಟು. ನಂಗೆ ಕೊಟ್ಟಿದ್ರಲ್ಲಿ ನೀರಿಳಿಸೋ ಮಾತ್ರೇನೂ ಸೇರಿತ್ತು, ತಗೊಂಡ್ರೆ ಗಂಟೆಗೊಂದ್ಸಲ ಒಂದಕ್ಕೆ ಹೋಗ್ಬೇಕು. ಐವತ್ತು ಜನ ಪ್ಯಾಸೆಂಜರ್ ಕೂತಿರ್ತಾರೆ, ಘಾಟಿ ಮಧ್ಯ ಎಲ್ಲಿ ನಿಲ್ಸೋದು? ಅದಕ್ಕೆ ಡ್ಯೂಟಿ ಇದ್ದ ದಿನ ತಗೋತಿರ್ಲಿಲ್ಲ, ರಜಾ ದಿನ ತಗೋತಿದ್ದೆ. ನಮ್ಮ ಡಿಪೋದಲ್ಲಿ ಹೀಗೆ ಮಾಡೋರು ಸುಮಾರು ಜನ ಇದಾರೆ. ಬಿಪಿ ಹೆಚ್ಚಿದೆ ಅಂತ ಚೀಟೀಲಿ ಬರೆದ್ರೆ ಮೆಡಿಕಲ್ ಚೆಕಪ್‌ನಲ್ಲಿ ಗಾಡಿ ಕೊಡ್ತಾರೋ ಇಲ್ವೋ ಅನ್ನೋ ಭಯ ಬೇರೆ, ಅದಕ್ಕೇ ಎಷ್ಟೋ ಜನ ತೋರಿಸ್ಕೊಳ್ಳೋದೇ ಇಲ್ಲ.

ಒಬ್ಬ ಡಾಕ್ಟ್ರು "ಏನು ಕೆಲಸ ಮಾಡ್ತೀಯಪ್ಪ" ಅಂತ ಕೇಳಿದ್ರು, ಅಷ್ಟೇ. ಡ್ರೈವರ್ ಸಾರ್ ಅಂದೆ. ಆ ಮಾತ್ರೆ ತೆಗೆದು ಬೇರೆ ಬರ್ಕೊಟ್ರು, ಡ್ಯೂಟಿ ಮುಗಿಸಿ ಬಂದು ಮಲಗೋ ಮುಂಚೆ ತಗೋ ಅಂದ್ರು. ಈಗ ತಪ್ಪೋದು ಕಮ್ಮಿ. ಅದಕ್ಕೂ ಮುಂಚೆ ಯಾರೂ ನನ್ನ ಕೆಲಸ ಏನು ಅಂತ ಕೇಳೇ ಇರ್ಲಿಲ್ಲ. ನಿಮ್ಮಪ್ಪನ ಜೊತೆ ಹೋಗೋವಾಗ ಅವರ ದಿನಚರಿ ಪೂರ್ತಿ ಡಾಕ್ಟ್ರಿಗೆ ಹೇಳಿ ತಂಗೀ, ಎಷ್ಟೊತ್ತಿಗೆ ಏಳ್ತಾರೆ, ಎಷ್ಟೊತ್ತಿಗೆ ತೋಟಕ್ಕೆ ಹೋಗ್ತಾರೆ ಎಲ್ಲಾ.

ಇನ್ನೊಂದು, ನಮ್ಮ ಕಡೆ ಬಿಪಿ ಅಂದ್ರೆ ಸಿಟ್ಟಿನ ಕಾಯಿಲೆ ಅಂತ ತಿಳ್ಕೊಂಡಿದಾರೆ. ನಾನು ಯಾರ ಮೇಲೂ ರೇಗಲ್ಲ, ನಂಗೆಲ್ಲಿ ಬಿಪಿ ಅಂತಾರೆ. ಎಷ್ಟೇ ತಣ್ಣಗಿರೋ ಮನುಷ್ಯಂಗೂ ಬರುತ್ತೆ ಅಂತ ಯಾರೂ ಹೇಳಲ್ಲ.

ಹಸಿರೌಷಧಿ:
ನನ್ನ ಅಭಿಪ್ರಾಯ ಬೇರೆ. ಇಂಗ್ಲಿಷ್ ಮಾತ್ರೆ ಒಂದ್ಸಲ ಶುರು ಮಾಡಿದ್ರೆ ಜೀವನಪೂರ್ತಿ, ಕೊನೆಗೆ ಕಿಡ್ನಿಗೆ ಬರುತ್ತೆ. ಬೆಳಿಗ್ಗೆ ಹಸಿ ಬೆಳ್ಳುಳ್ಳಿ, ಮೆಂತ್ಯದ ನೀರು, ಜ್ಯೇಷ್ಠಮಧು ಕಷಾಯ ಕೊಡಿ. ಸರ್ಪಗಂಧ ನಮ್ಮ ದೇಶದ್ದೇ ಮೂಲಿಕೆ, ಬಿಪಿಗೆ ರಾಮಬಾಣ. ನಮ್ಮ ದೊಡ್ಡಪ್ಪ ಹಾಗೇ ಇದಾರೆ, ಗಟ್ಟಿಮುಟ್ಟು.

ಶಿವಮೊಗ್ಗ_ಮೆಡಿಕಲ್ಸ್:
@ಹಸಿರೌಷಧಿ ಸರ್, ನಿಮ್ಮ ಕಾಳಜಿ ಅರ್ಥ ಆಗುತ್ತೆ, ಆದ್ರೆ ದಯವಿಟ್ಟು ಜ್ಯೇಷ್ಠಮಧು ಹೇಳ್ಬೇಡಿ. ಅತಿಮಧುರ ಅಂತಾನೂ ಕರೀತಾರಲ್ಲ, ಅದೇ. ಅದನ್ನ ದಿನಾ ತಗೊಂಡ್ರೆ ಬಿಪಿ ಏರುತ್ತೆ, ಪೊಟ್ಯಾಸಿಯಂ ಇಳಿಯುತ್ತೆ. ಗಂಟಲು ನೋವಿಗೆ ಒಂದೆರಡು ದಿನ ಕಷಾಯ ಕುಡಿಯೋದು ಬೇರೆ, ಬಿಪಿ ಇರೋರಿಗೆ ದಿನಾ ಕೊಡೋದು ಬೇರೆ.

ಸರ್ಪಗಂಧದ ವಿಷಯ ನೀವು ಹೇಳಿದ್ದು ಒಂದು ಮಟ್ಟಕ್ಕೆ ನಿಜಾನೇ. ಬಾಂಬೆಯ ಡಾಕ್ಟರ್ ರುಸ್ತಮ್ ಜಾಲ್ ವಕೀಲ್ ಅವರು ತಮ್ಮ ಬಿಪಿ ರೋಗಿಗಳಿಗೆ ಅದನ್ನ ಕೊಟ್ಟು, ಫಲಿತಾಂಶಾನ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದ್ರು, ಆಮೇಲೇ ಇಡೀ ಪ್ರಪಂಚ ಆ ಬೇರಿನ ಕಡೆ ತಿರುಗಿ ನೋಡಿದ್ದು. 1952ರಲ್ಲಿ ಅದರಿಂದ ರೆಸರ್ಪಿನ್ ಬೇರ್ಪಡಿಸಿದ್ರು, ಒಂದು ಕಾಲಕ್ಕೆ ಎಲ್ಲಾ ಕಡೆ ಅದೇ ಬಿಪಿ ಮಾತ್ರೆ. ನಮ್ಮ ನೆಲದ ಗಿಡದ ಬಗ್ಗೆ ನನಗೂ ಹೆಮ್ಮೆ ಇದೆ. ಆದ್ರೆ ಅದರಲ್ಲಿ ಮೂಗು ಕಟ್ಟೋದು, ಮಂಪರು, ಮನಸ್ಸು ಕುಗ್ಗೋದು ಇಂಥ ತೊಂದ್ರೆಗಳು ಕಂಡಿದ್ರಿಂದ, ಆಮೇಲೆ ಅದಕ್ಕಿಂತ ಒಳ್ಳೇವು ಬಂದಿದ್ರಿಂದ ಹಿಂದೆ ಸರೀತು. ಪುಡಿ ರೂಪದಲ್ಲಿ ತಗೊಂಡ್ರೆ ಎಷ್ಟು ಒಳಗೆ ಹೋಯ್ತು ಅನ್ನೋದೂ ಗೊತ್ತಾಗಲ್ಲ.

ಇನ್ನು ಕೌಂಟರ್‌ನಲ್ಲಿ ನಿಂತು ನಾನು ನೋಡೋದು ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ತಿಂಗಳ ಕೊನೇಲಿ "ಐದು ಮಾತ್ರೆ ಕೊಡಿ ಸಾಕು" ಅಂತ ಬರ್ತಾರೆ. ಸ್ಟ್ರಿಪ್ ಕತ್ತರಿಸಿ ಕೊಟ್ರೆ ಹೆಸರೂ ಇರಲ್ಲ ಎಕ್ಸ್‌ಪೈರಿ ಡೇಟೂ ಇರಲ್ಲ, ಐದು ಮುಗಿದ ಮೇಲೆ ಎಷ್ಟೋ ಜನ ವಾಪಸ್ ಬರೋದೇ ಇಲ್ಲ. ಇಂಥವರಿಗೆ ನಾನೇ ಜನೌಷಧಿ ಕೇಂದ್ರಕ್ಕೆ ಹೋಗಿ ಅಂತೀನಿ, ಅದೇ ಟೆಲ್ಮಿಸಾರ್ಟನ್ ಅಲ್ಲಿ ತುಂಬಾ ಕಡಿಮೆಗೆ ಸಿಗುತ್ತೆ, ವ್ಯಾಪಾರ ಹೋದ್ರೂ ಪರವಾಗಿಲ್ಲ. ಕಂಪನಿ ಬದಲಾದ್ರೆ ಇನ್ನೊಂದು ಗೊಂದಲ, ಹೋದ ತಿಂಗಳು ಬಿಳಿ ಮಾತ್ರೆ, ಈ ತಿಂಗಳು ಹಳದಿ, ಇದು ಬೇರೆ ಅಂತ ಬಿಟ್ಟುಬಿಡ್ತಾರೆ. ಕೆಲವರು ಅದಕ್ಕಿಂತ ಅಪಾಯ, ಹಳೇದೂ ಹೊಸದೂ ಎರಡೂ ನುಂಗ್ತಾರೆ, ಎರಡೂ ಒಂದೇ ಔಷಧ ಅಂತ ಗೊತ್ತಿಲ್ಲದೆ. ಸ್ಟ್ರಿಪ್ ಮೇಲಿರೋ ಕಂಪನಿ ಹೆಸರು ಬಿಟ್ಟು ಔಷಧದ ಹೆಸರು ಒಂದು ಕಾರ್ಡಲ್ಲಿ ಕನ್ನಡದಲ್ಲಿ ಬರೆದಿಟ್ಕೊಳ್ಳಿ.

ಮಾತ್ರೆಗಳ ಸಂಖ್ಯೆ ಜಾಸ್ತಿ ಆದಷ್ಟೂ ಬಿಡೋರು ಜಾಸ್ತಿ. ಎರಡು ಔಷಧ ಸೇರಿ ಒಂದೇ ಮಾತ್ರೆಯಾಗಿ ಬರೋದನ್ನ ಕೇಳಿ, 2019ರಲ್ಲಿ ಡಬ್ಲ್ಯೂಎಚ್‌ಒ ಇಂಥ ಜೋಡಿ ಮಾತ್ರೆಗಳನ್ನ ಅಗತ್ಯ ಔಷಧಿಗಳ ಪಟ್ಟಿಗೇ ಸೇರಿಸಿದೆ. ಬೆಳಿಗ್ಗೇನಾ ರಾತ್ರೀನಾ ಅಂತ ದಿನಾ ಒಬ್ಬರಾದ್ರೂ ಕೇಳ್ತಾರೆ. ಬ್ರಿಟನ್ನಿನಲ್ಲಿ 21,000ಕ್ಕೂ ಹೆಚ್ಚು ಜನರ ಮೇಲೆ ಮಾಡಿದ ಅಧ್ಯಯನ 2022ರಲ್ಲಿ ಬಂತು, ಬೆಳಿಗ್ಗೆ ತಗೊಂಡ್ರೂ ಸಂಜೆ ತಗೊಂಡ್ರೂ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ವಿಷಯದಲ್ಲಿ ವ್ಯತ್ಯಾಸ ಕಾಣ್ಲಿಲ್ಲ. ನೆನಪಿರೋ ಹೊತ್ತೇ ಒಳ್ಳೇ ಹೊತ್ತು. ಒಂದು ದಿನ ಮರೆತ್ರೆ ನೆನಪಾದಾಗ ತಗೊಳ್ಳಿ, ಮಾರನೇ ದಿನ ನೆನಪಾದ್ರೆ ಅವತ್ತಿನದು ಮಾತ್ರ, ಎರಡೆರಡು ನುಂಗಬೇಡಿ. ಅಟೆನೊಲಾಲ್, ಮೆಟೊಪ್ರೊಲಾಲ್, ಕ್ಲೋನಿಡಿನ್ ತಗೊಳ್ತಿರೋರು ಮಾತ್ರ ಯಾವ ಕಾರಣಕ್ಕೂ ದಿಢೀರ್ ನಿಲ್ಲಿಸ್ಬೇಡಿ, ಬಿಪಿ ಒಮ್ಮೆಲೇ ಏರಬಹುದು, ಕೆಲವರಿಗೆ ಎದೆನೋವೂ ಬರಬಹುದು.

ಗಂಡಸರ ಇನ್ನೊಂದು ಕಾರಣ ಇದೆ, ಮನೇಲಿ ಹೇಳ್ಕೊಳ್ಳಲ್ಲ. ಅಂಗಡಿ ಮುಚ್ಚೋ ಹೊತ್ತಿಗೆ ಬಂದು ಮೆಲ್ಲಗೆ ಕೇಳ್ತಾರೆ, ಈ ಮಾತ್ರೆಯಿಂದ ಗಂಡ ಹೆಂಡತಿ ಸಂಬಂಧಕ್ಕೆ ತೊಂದ್ರೆ ಆಗುತ್ತಾ ಅಂತ. ಕೆಲವು ಮಾತ್ರೆಯಿಂದ ಕೆಲವರಿಗೆ ಆಗಬಹುದು, ಬಿಪಿ ಕಾಯಿಲೆಯಿಂದಲೇ ಆಗಿರೋದೂ ಇರುತ್ತೆ. ಬದಲಿ ಮಾತ್ರೆ ಇದೆ. ಡಾಕ್ಟ್ರ ಹತ್ರ ಒಬ್ಬರೇ ಹೋಗಿ ಕೇಳಿದ್ರೆ ಮುಗೀತು, ನಾಚಿಕೆಗೆ ಮಾತ್ರೆ ಬಿಡೋದು ಬೇಡ.

@ತೆಂಗಿನತೋಟ ಮೇಡಂ, ಮಂಡಿನೋವಿನ ಮಾತ್ರೆ ಯಾವುದು ನೋಡಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ್ದಾದ್ರೆ ಅದೇ ಬಿಪಿ ಏರಿಸುತ್ತೆ, ಕಿಡ್ನಿಗೂ ಒಳ್ಳೇದಲ್ಲ.

ಮೈಸೂರು_ಟೀಚರಮ್ಮ:
ಎಲ್ಲಾರೂ ಬಿಡೋರ ಕಥೆ ಹೇಳ್ತಿದೀರಿ, ಬಿಡದೇ ಇರೋಳು ನಾನು ಹೇಳ್ತೀನಿ ಕೇಳಮ್ಮ. ನಲವತ್ತೈದನೇ ವಯಸ್ಸಿಂದ ತಗೋತಿದೀನಿ, ಈಗ ಎಪ್ಪತ್ತು ದಾಟ್ತು. ನಮ್ಮಮ್ಮಂಗೆ ಸ್ಟ್ರೋಕ್ ಆಗಿ ಮಾತು ಹೋಯ್ತು, ನೀರು ಬೇಕು ಅನ್ನೋದಕ್ಕೂ ಕೈ ಸನ್ನೆ. ಆ ಭಯದಿಂದಲೇ ಶುರು ಮಾಡಿದ್ದು, ನಿಜ. ಆದ್ರೆ ಭಯ ಜಾಸ್ತಿ ದಿನ ಇರಲ್ಲ ಕಣಮ್ಮ. ಹೋದ ವರ್ಷ, 2025ರ ಜುಲೈನಲ್ಲಿ, ಹಾಸನದಲ್ಲಿ ಸಾಲಾಗಿ ಜನ ಹಾರ್ಟ್ ಅಟ್ಯಾಕ್ ಆಗಿ ಸತ್ತ ಸುದ್ದಿ ಟೀವೀಲಿ ಬಂದಾಗ ನಮ್ಮೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದ ಕ್ಯೂ, ನಮ್ಮ ಬೀದಿಯವರೂ ಹೋಗಿ ಇಸಿಜಿ ಮಾಡಿಸ್ಕೊಂಡ್ ಬಂದ್ರು. ಅವರಲ್ಲೇ ಬಿಪಿ ಮಾತ್ರೆ ಬಿಟ್ಟೋರು ಇದಾರೆ, ಅದನ್ನ ಮತ್ತೆ ಶುರು ಮಾಡ್ಲಿಲ್ಲ. ನಿಮ್ಮಪ್ಪ ಲಕ್ವ ಹೊಡೆದವರನ್ನ ನೋಡಿಯೂ ಬಿಟ್ಟಿದಾರೆ ಅಂದ್ರೆ ನಂಗೆ ಆಶ್ಚರ್ಯ ಆಗಲ್ಲ.

ನಂಗೆ ಉಳಿದಿದ್ದು ಅಭ್ಯಾಸ. ಬೆಳಿಗ್ಗೆ ದೀಪ ಹಚ್ಚೋ ಬೆಂಕಿಪೊಟ್ಟಣದ ಪಕ್ಕ ಮಾತ್ರೆ ಡಬ್ಬಿ, ದೀಪ ಹಚ್ಚಿದ ತಕ್ಷಣ ಮಾತ್ರೆ, ಆಮೇಲೆ ಕಾಫಿ. ಯೋಚನೆ ಮಾಡೋದೇ ಇಲ್ಲ. ಮದುವೆ ಮುಂಜಿಗೆ ಊರಿಗೆ ಹೋದಾಗ ತಪ್ಪುತ್ತೆ ಅಂತ ಪರ್ಸಲ್ಲಿ ಒಂದು ಸ್ಟ್ರಿಪ್ ಇದ್ದೇ ಇರುತ್ತೆ. ನಿಮ್ಮಪ್ಪ ಬೆಳಿಗ್ಗೆ ತಪ್ಪದೇ ಮಾಡೋ ಒಂದು ಕೆಲಸ ಇರುತ್ತಲ್ಲ, ಅದರ ಪಕ್ಕ ಇಟ್ಟು ನೋಡು. ಫೋನ್ ಮಾಡಿ ವಿಚಾರಿಸ್ಕೊಳ್ಳೋದು ಸ್ವಲ್ಪ ದಿನ ನಿಲ್ಲಿಸು, ದೊಡ್ಡ ಮನುಷ್ಯರಿಗೆ ಮಕ್ಕಳು ಹಾಜರಿ ತಗೊಂಡ್ರೆ ಮುಖ ಮುರಿದಂಗಾಗುತ್ತೆ.

ಉಪ್ಪಿನ ವಿಷಯಾನೂ ನೋಡ್ಕೋ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಅಂತಾರೆ, ಅಂದ್ರೆ ಒಬ್ಬರಿಗೆ ಇಡೀ ದಿನಕ್ಕೆ ಒಂದು ಟೀ ಚಮಚಾನೂ ಇಲ್ಲ. ನಮ್ಮ ಉಪ್ಪಿನಕಾಯಿ ಹಪ್ಪಳ ಸಂಡಿಗೇಲೇ ಅಷ್ಟು ಹೋಗಿರುತ್ತೆ. ಆದ್ರೆ ಉಪ್ಪು ಕಮ್ಮಿ ಮಾಡಿದೀನಿ ಅದಕ್ಕೆ ಮಾತ್ರೆ ಬೇಡ ಅಂತ ನಿಮ್ಮಪ್ಪ ಹೊಸ ವರಸೆ ತೆಗೆದ್ರೆ ಒಪ್ಕೋಬೇಡ.

ತೆಂಗಿನತೋಟ:
ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಶನಿವಾರ ಊರಿಗೆ ಬಂದೆ. ಸಿಸ್ಟರ್ ಹೇಳಿದ ಹಾಗೇ ಕೇಳಿದೆ, ಎಲ್ಲರಿಗೂ ತಪ್ಪುತ್ತೆ ಅಪ್ಪ, ನಿಮಗೆ ಯಾವಾಗ ತಪ್ಪುತ್ತೆ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದು ಪಂಚೆ ಎತ್ತಿ ಕಾಲು ತೋರಿಸಿದ್ರು. @ಕರಾವಳಿಯವ ನೀವು ಹೇಳಿದ್ದೇ. ಮಾತ್ರೆ ತಗೊಂಡ್ರೆ ಪಾದ ಊದುತ್ತಂತೆ, ಬಿಟ್ರೆ ಇಳಿಯುತ್ತಂತೆ. ಪಕ್ಕದೂರಲ್ಲಿ ಅವರ ಸ್ನೇಹಿತರೊಬ್ಬರಿಗೆ ಕಿಡ್ನಿ ಹೋಗಿ ಡಯಾಲಿಸಿಸ್ ಮಾಡಿಸ್ತಿದ್ರು, ಅವರಿಗೂ ಮೊದಲು ಕಾಲೇ ಊದಿದ್ದಂತೆ, ಅವರೂ ಬಿಪಿ ಮಾತ್ರೆ ತಿಂತಿದ್ರಂತೆ. ಅದಕ್ಕೆ ಮಾತ್ರೇನೇ ಕಿಡ್ನಿ ತಿಂತಿದೆ ಅಂತ ತೀರ್ಮಾನ ಮಾಡ್ಬಿಟ್ಟಿದಾರೆ. ನಮಗೆ ಹೇಳಿದ್ರೆ ಬೆಂಗಳೂರಿನ ದೊಡ್ಡಾಸ್ಪತ್ರೆ, ಖರ್ಚು ಅಂತ ಶುರು ಮಾಡ್ತೀವಿ ಅಂತ ಹೇಳಿಲ್ಲ. "ನಾರ್ಮಲ್ ಬಂತಲ್ಲ" ಅನ್ನೋದು ನಮ್ಮ ಬಾಯಿ ಮುಚ್ಚಿಸೋಕೆ ಹೇಳ್ತಿದ್ದ ಮಾತು. ನೋಡೋಕೆ ಎಷ್ಟು ಹಠಮಾರಿ ಥರ ಕಾಣ್ತಿದ್ರು, ಒಳಗೆ ಒಬ್ಬರೇ ಇಷ್ಟು ಹೆದರ್ಕೊಂಡಿದ್ರು ಅಂತ ಕೇಳಿ ಹೊಟ್ಟೆ ಉರೀತು.

ಸೋಮವಾರ ಇಬ್ಬರೂ ಆಸ್ಪತ್ರೆಗೆ ಹೋಗ್ತಿದೀವಿ. ಮಂಡಿನೋವಿನ ಮಾತ್ರೆ ನೋಡಿದೆ, ಡೈಕ್ಲೋಫೆನಾಕೇ. ಡಾಕ್ಟ್ರ ಹತ್ರ ಏನೇನು ಕೇಳ್ಬೇಕು ಸಿಸ್ಟರ್? ಮನೆಗೆ ಬಿಪಿ ಮಷೀನ್ ತಗೋಬಹುದಾ?

ಗದಗ_ಸಿಸ್ಟರ್:
ಭಾಳ ಚಲೋ ಆತ್ರಿ ಅಕ್ಕಾರ. ಅಪ್ಪಾರಿಗೆ ಮೊದ್ಲು ಇದನ್ನ ಹೇಳ್ರಿ, ಆಮ್ಲೋಡಿಪಿನ್‌ನಿಂದ ಬರೋ ಕಾಲ ಬಾವು ಕಿಡ್ನೀದಲ್ಲ. ಕಾಲಿನ ಸಣ್ಣ ರಕ್ತನಾಳ ಅಗಲ ಆಗಿ ನೀರು ಅಲ್ಲೇ ಇಳಿದು ನಿಲ್ಲತೈತಿ, ಅಷ್ಟ. ಕಿಡ್ನಿ ಕೆಡಸೂದು ಬಿಟ್ಟು ಬಿಟ್ಟು ಏರೋ ಬಿಪಿ. ಆದ್ರ ಬಾಯಿಮಾತಿಗೆ ನಂಬೂದು ಬ್ಯಾಡ, ರಕ್ತದಾಗ ಕ್ರಿಯಾಟಿನಿನ್, ಪೊಟ್ಯಾಸಿಯಂ, ಮೂತ್ರದಾಗ ಪ್ರೋಟೀನ್ ಟೆಸ್ಟ್ ಮಾಡಸ್ರಿ, ರಿಪೋರ್ಟ್ ಅವರ ಕೈಯಾಗ ಕೊಡ್ರಿ, ಡಾಕ್ಟರ್ ಬಾಯಿಂದ "ಕಿಡ್ನಿ ಹೆಂಗೈತಿ" ಅಂತ ಅವರ ಕೇಳಲಿ. ಆಮ್ಲೋಡಿಪಿನ್ 10 ಇದ್ದದ್ದು 5 ಮಾಡಿ ಟೆಲ್ಮಿಸಾರ್ಟನ್ ಸೇರಿಸಿದ್ರ ಬಾವು ಎಷ್ಟೋ ಮಂದಿಗೆ ಇಳಿತೈತಿ, ಆ ಮಾತು ನೀವಾಗಿ ಎತ್ತರಿ, ಆದ್ರ ನೀವ ಮನ್ಯಾಗ ಬದಲಿ ಮಾಡಬ್ಯಾಡ್ರಿ. ಮಂಡಿನೋವಿಗೆ ಬ್ಯಾರೆ ಏನು ಅಂತಾನೂ ಕೇಳ್ರಿ, ಅದನ್ನ ಸುಮ್ಮ ಕಸಗೊಂಡ್ರ ಅವರು ತೋಟಕ್ಕ ಹೋಗಾಕ ಆಗೂದಿಲ್ಲ.

ಮಷೀನ ತಗೋರಿ, ತೋಳಿಗೆ ಕಟ್ಟೂದು ಇರ್ಲಿ, ಮಣಿಕಟ್ಟಿಗೆ ಕಟ್ಟೂದು ಬ್ಯಾಡ. ತೋಟದಿಂದ ಬಂದ ಕೂಡ್ಲೆ ನೋಡಬ್ಯಾಡ್ರಿ. ಚಹಾ ಬೀಡಿ ಆಗಿ ಅರ್ಧ ತಾಸು ಬಿಡ್ರಿ, ಒಂದಕ್ಕ ಹೋಗಿ ಬರ್ಲಿ, ಬೆನ್ನು ಆನಿಸಿ ಕಾಲು ನೆಲಕ್ಕಿಟ್ಟು ಐದು ನಿಮಿಷ ಸುಮ್ಮ ಕುಂದರಲಿ, ಅಂಗಿ ತೋಳಿನ ಮ್ಯಾಲೆ ಕಟ್ಟಬ್ಯಾಡ್ರಿ, ಕೈ ಎದಿ ಮಟ್ಟಕ್ಕ ಇರ್ಲಿ. ಎರಡು ಸಲ ನೋಡಿ ಬರೀರಿ. ಮನ್ಯಾಗ 135/85ಕ್ಕಿಂತ ಕೆಳಗ ಇದ್ರ ಚಲೋ. ಬರಿಯೂದು ಅಪ್ಪಾರ ಕೈಲೇ ಬರಸ್ರಿ, ಕಾಯಿ ಲೆಕ್ಕ ಬರಿಯೋ ಪುಸ್ತಕದಾಗ ಬರೀಲಿ ಬೇಕಾರ. ಸೋಮವಾರ ಡಾಕ್ಟರ್ ಏನಂದ್ರು ಇಲ್ಲಿ ಹಾಕ್ರಿ, ಹೊಸ ಗುಳಿಗಿ ಕೊಟ್ರ ಅದರ ಹೆಸರೂ ಹಾಕ್ರಿ, ನೋಡಿ ಹೇಳ್ತೀನಿ.